ಏಳು ಇಂಚಿಗೆ ಎಷ್ಟು ಕೊಡಬೇಕು?

ನಾಸಿಕದಲ್ಲಿರುವ ನಮ್ಮಂಥವರಿಗೆ ಅಮೆರಿಕದ ಪ್ರಯಾಣ ದ್ವಾರಕಾ ಚೌಕದಲ್ಲೇ ಶುರುವಾಗುತ್ತದೆ. ಅಲ್ಲಿಂದ ಇಗತಪುರಿ, ಕಸಾರಾ ಘಾಟು, ಭಿವಂಡಿಯ ಲಾರಿಗಳ ಸಾಲು, ಠಾಣೆ ಎಲ್ಲ ದಾಟಿ ಮುಂಬೈಯ ಸಹಾರ್ ಟರ್ಮಿನಲ್ ತಲುಪುವ ಹೊತ್ತಿಗೆ ನಾಲ್ಕು ಗಂಟೆ ಕಳೆದಿರುತ್ತದೆ. ಛತ್ರಪತಿ ಸಂಭಾಜಿನಗರದಿಂದ ಹೊರಟವರಿಗೆ ಅದರ ಮೇಲೆ ಇನ್ನೂ ಎರಡು ಮೂರು ಗಂಟೆ. ಆಮೇಲೆ ಮೂರು ಗಂಟೆ ಮೊದಲೇ ಹಾಜರಿ, ನಡುರಾತ್ರಿ ದಾಟಿದ ಮೇಲೆ ವಿಮಾನ, ನ್ಯೂಯಾರ್ಕಿಗಾದರೆ ಹದಿನೈದು ಗಂಟೆಗೂ ಹೆಚ್ಚು ಕೂತಲ್ಲೇ ಕೂರುವುದು. ಪ್ರೀಮಿಯಂ ಇಕಾನಮಿ ಸೀಟು ಬೇಕೋ ಬೇಡವೋ ಎಂಬ ಲೆಕ್ಕವನ್ನು ಈ ಇಡೀ ದಿನವನ್ನು ಎದುರಿಗಿಟ್ಟುಕೊಂಡು ಮಾಡಬೇಕು. ಬರೀ ಟಿಕೆಟ್ಟಿನ ದರ ನೋಡಿ ಮಾಡಿದ ಲೆಕ್ಕ ನಮ್ಮ ಊರಿನವರಿಗೆ ಹೊಂದುವುದಿಲ್ಲ.

ನಮ್ಮ ಯಜಮಾನರು ಓಝರ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಸಂಸ್ಥೆ, ಹಾಗಾಗಿ ವರ್ಗವಾಗಿ ಬಂದು ಇಲ್ಲೇ ನೆಲೆ ನಿಂತ ಕನ್ನಡದ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಈಗ ಆ ಮನೆಗಳ ಮಕ್ಕಳೆಲ್ಲ ಕಡಲಾಚೆ. ನಮ್ಮ ಮಗಳು ನ್ಯೂಜೆರ್ಸಿಯಲ್ಲಿ, ಸಂಭಾಜಿನಗರದ ಸಿಡ್ಕೋದಲ್ಲಿರುವ ತಂಗಿಯ ಮಗ ಜರ್ಮನಿಯಲ್ಲಿ. ಎರಡೂ ಮನೆಯಲ್ಲಿ ಅರವತ್ತು ದಾಟಿದ ಮೊಣಕಾಲುಗಳು. "ಅಕ್ಕಾ, ಇಷ್ಟ ರೊಕ್ಕ ಕೊಟ್ಟ ಮ್ಯಾಲ ಅದರಾಗ ಜಾಸ್ತಿ ಏನ ಸಿಗ್ತದ?" ಅಂತ ತಂಗಿ ಫೋನಿನಲ್ಲಿ ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮುಖ್ಯವಾಗಿ ಸಿಗುವುದು ಏಳು ಇಂಚು. ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ ಇರುವ ಅಂತರ ಸಾಮಾನ್ಯ ಇಕಾನಮಿಯಲ್ಲಿ 31 ಇಂಚಿನ ಆಸುಪಾಸು, ಪ್ರೀಮಿಯಂ ಇಕಾನಮಿಯಲ್ಲಿ 38. ಏರ್ ಇಂಡಿಯಾದ ಹೊಸ ಎ350 ವಿಮಾನದಲ್ಲಿ, ಲುಫ್ತಾನ್ಸಾದಲ್ಲಿ ಇಷ್ಟೇ ಇದೆ. ಎಮಿರೇಟ್ಸ್‌ನವರು 40 ಇಂಚು ಕೊಡುತ್ತಾರೆ. ಸೀಟಿನ ಅಗಲ ಒಂದೂವರೆ ಎರಡು ಇಂಚು ಹೆಚ್ಚು, ಬೆನ್ನು ಇನ್ನಷ್ಟು ಹಿಂದಕ್ಕೆ ಬಾಗುತ್ತದೆ, ಮೀನಖಂಡಕ್ಕೋ ಪಾದಕ್ಕೋ ಒಂದು ಆಸರೆ ಇರುತ್ತದೆ. ಹಾಸಿಗೆಯಂತೆ ಮಲಗುವ ಸೀಟು ಇದಲ್ಲ, ಅದಕ್ಕೆ ಬಿಸಿನೆಸ್ ಕ್ಲಾಸೇ ಬೇಕು. ಊಟ ಸ್ಟೀಲಿನ ಚಮಚ, ಪಿಂಗಾಣಿ ತಟ್ಟೆಯಲ್ಲಿ ಬರಬಹುದು, ಅದಕ್ಕೆ ಬೆಲೆ ಕಟ್ಟುವ ಅಗತ್ಯವಿಲ್ಲ.

ಈ ಏಳು ಇಂಚನ್ನು ಹಗುರವಾಗಿ ಕಾಣಬೇಡಿ. ನಮ್ಮ ಯಜಮಾನರು ಆರು ಅಡಿಗೆ ಸ್ವಲ್ಪವೇ ಕಮ್ಮಿ. ಇಕಾನಮಿಯಲ್ಲಿ ಅವರು ನೆಟ್ಟಗೆ ಕೂತರೆ ಮೊಣಕಾಲಿನ ಚಿಪ್ಪು ಮುಂದಿನ ಸೀಟಿನ ಜೇಬಿಗೆ ತಾಗುತ್ತದೆ. ಊಟದ ತಟ್ಟೆ ತೆಗೆದ ಮೇಲೆ ಮುಂದಿನವರು ಸೀಟು ಹಿಂದಕ್ಕೆ ಬಾಗಿಸಿದರೆ ಮುಗಿಯಿತು, ಬಲಗಾಲನ್ನು ಓಡಾಡುವ ದಾರಿಗೆ ಹೊರಳಿಸಿಡಬೇಕು. ಅಲ್ಲಿ ಇಟ್ಟರೆ ಕತ್ತಲಲ್ಲಿ ಬರುವ ಟ್ರಾಲಿ ತಗಲುತ್ತದೆ, ಎಳೆದುಕೊಂಡರೆ ಮಂಡಿ ಮಡಿಚಿ ಹಿಡಿದುಕೊಳ್ಳುತ್ತದೆ. ರಾತ್ರಿಯಿಡೀ ಒಳಗೆ ಹೊರಗೆ ಮಾಡುವುದೇ ಆಗುತ್ತದೆ, ನಿದ್ದೆ ಎಲ್ಲಿಂದ ಬರಬೇಕು? 38 ಇಂಚಿನ ಸೀಟಿನಲ್ಲಿ ಅದೇ ಮನುಷ್ಯ ಕಾಲು ಮುಂದಕ್ಕೆ ಚಾಚಿ, ಹಿಮ್ಮಡಿಯನ್ನು ಆಸರೆಯ ಮೇಲಿಟ್ಟು, ನಡುವೆ ಎಚ್ಚರವಾಗದೆ ಮಲಗಿದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಐದಡಿ ಎರಡಿಂಚಿನ ನನಗೆ ಅಷ್ಟು ವ್ಯತ್ಯಾಸ ಅನಿಸಲಿಲ್ಲ. ಆದ್ದರಿಂದ ಈ ಸೀಟಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ, ಕೂರುವವರ ತೊಡೆಯ ಉದ್ದದ ಮೇಲೆ ನಿಂತಿದೆ.

ಗಂಡ ಹೆಂಡತಿ ಇಬ್ಬರೇ ಹೋಗುವವರಿಗೆ ಇನ್ನೊಂದು ಲಾಭವಿದೆ. ಎ350, 777, ಎ380 ವಿಮಾನಗಳ ಪ್ರೀಮಿಯಂ ಇಕಾನಮಿಯಲ್ಲಿ ಸಾಲಿಗೆ ಸಾಮಾನ್ಯವಾಗಿ ಎರಡು, ನಾಲ್ಕು, ಎರಡು ಸೀಟು. ಕಿಟಕಿಯ ಕಡೆಯ ಜೋಡಿ ಸೀಟು ಹಿಡಿದರೆ ಶೌಚಕ್ಕೆ ಏಳುವಾಗ ಅಪರಿಚಿತರನ್ನು ಎಬ್ಬಿಸುವ ಸಂಕೋಚವಿಲ್ಲ. ಸಂಕೋಚಪಟ್ಟು ನೀರು ಕುಡಿಯದೆ, ಏಳದೆ ಕೂರುವ ನಮ್ಮ ವಯಸ್ಸಿನ ಹೆಂಗಸರನ್ನು ಬಹಳ ಕಂಡಿದ್ದೇನೆ. ಅದು ಆರೋಗ್ಯಕ್ಕೆ ಕೇಡು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಒಟ್ಟಾರೆ ಅಪಾಯ ಸಣ್ಣದೇ, ಸುಮಾರು 6,000 ಜನರಲ್ಲಿ ಒಬ್ಬರಿಗೆ. ದುಬಾರಿ ಸೀಟಿನಲ್ಲಿ ಕೂತವರೂ ಏಳಲೇಬೇಕು, ಓಡಾಡಲೇಬೇಕು. ಮಂಡಿ ಶಸ್ತ್ರಚಿಕಿತ್ಸೆ ಆದವರು ಟಿಕೆಟ್ ಕೊಳ್ಳುವ ಮೊದಲು ತಮ್ಮ ಡಾಕ್ಟರನ್ನು ಕೇಳಲಿ.

ಸೀಟು ಆರಿಸುವಾಗ ಮೊದಲ ಸಾಲಿಗೆ ಮನಸೋಲಬೇಡಿ. ಎದುರಿಗೆ ಸೀಟಿಲ್ಲ, ಗೋಡೆ ಮಾತ್ರ ಎಂದು ಜನ ಅದನ್ನೇ ಹುಡುಕುತ್ತಾರೆ. ಆದರೆ ಅಲ್ಲಿ ಊಟದ ಹಲಗೆ ಕೈಯಾಸರೆಯ ಒಳಗಿಂದ ಬರುತ್ತದೆ, ಹಾಗಾಗಿ ಕೈಯಾಸರೆ ದಪ್ಪ, ಕೂರುವ ಜಾಗ ಕಿರಿದು, ಮೇಲೆತ್ತಲೂ ಬರುವುದಿಲ್ಲ. ವಿಮಾನ ಏರುವಾಗ ಇಳಿಯುವಾಗ ಕೈಚೀಲ ಕಾಲ ಬಳಿ ಇಡುವಂತಿಲ್ಲ. ತೊಟ್ಟಿಲು ಕಟ್ಟುವ ಜಾಗವೂ ಅನೇಕ ವಿಮಾನಗಳಲ್ಲಿ ಅದೇ. ಉದ್ದ ಕಾಲಿನವರಿಗೆ ಗೋಡೆ ಅಡ್ಡ ಬರುತ್ತದೆ. ನಾನು ಎರಡನೆಯ ಅಥವಾ ಮೂರನೆಯ ಸಾಲು ಕೇಳುತ್ತೇನೆ.

ಈಗ ರೊಕ್ಕದ ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ಇಕಾನಮಿ ಟಿಕೆಟ್ಟಿಗೆ ಮೊದಲಿನಂತೆ ಶೇ 5, ಉಳಿದ ದರ್ಜೆಗಳಿಗೆ ಶೇ 12 ಇದ್ದದ್ದು ಶೇ 18 ಆಯಿತು. ಹೆಸರಿನಲ್ಲಿ ಇಕಾನಮಿ ಎಂದಿದ್ದರೂ ತೆರಿಗೆಯ ಲೆಕ್ಕದಲ್ಲಿ ಪ್ರೀಮಿಯಂ ಇಕಾನಮಿ ಬಿಸಿನೆಸ್ ಕ್ಲಾಸಿನ ಜೊತೆಗೇ ಕೂರುತ್ತದೆ. ಉದಾಹರಣೆಗೆ ಮುಂಬೈಯಿಂದ ಹೊರಡುವ ಒಂದು ಕಡೆಯ ಟಿಕೆಟ್ಟಿಗೆ ಇಕಾನಮಿಯ ಮೂಲ ದರ 40,000 ರೂಪಾಯಿ, ಪ್ರೀಮಿಯಂ ಇಕಾನಮಿಯದು 75,000 ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ ತೆರಿಗೆ 2,000, ಎರಡನೆಯದಕ್ಕೆ 13,500. ನೋಡುವವರಿಗೆ 35,000 ವ್ಯತ್ಯಾಸ ಕಾಣುತ್ತದೆ, ಕೈಯಿಂದ ಹೋಗುವುದು 46,500. ಆದ್ದರಿಂದ ಬುಕಿಂಗ್ ಪರದೆಯ ಕೊನೆಯ ಮೊತ್ತ ಬಂದ ಮೇಲೆಯೇ ಹೋಲಿಸಿ.

ಆ ವ್ಯತ್ಯಾಸವನ್ನು ನಾನು ಹಾರಾಟದ ಗಂಟೆಗಳಿಂದ ಭಾಗಿಸುತ್ತೇನೆ. 46,500ನ್ನು ಹದಿನೈದು ಗಂಟೆಯ ನ್ಯೂಯಾರ್ಕ್ ಹಾರಾಟಕ್ಕೆ ಹಂಚಿದರೆ ಗಂಟೆಗೆ 3,100. ಹತ್ತು ಗಂಟೆಯ ಲಂಡನ್ನಿಗೆ ಇದೇ ವ್ಯತ್ಯಾಸ ಕೊಟ್ಟರೆ ಗಂಟೆಗೆ 4,650. ಒಂದು ಗಂಟೆಯ ನೆಮ್ಮದಿಗೆ ನಿಮ್ಮ ಮನೆಯ ಬಜೆಟ್ ಎಷ್ಟು ತಾಳುತ್ತದೆ ಎಂದು ಮೊದಲೇ ಒಂದು ಅಂಕಿ ಬರೆದಿಟ್ಟುಕೊಂಡರೆ ಪರದೆಯ ಮುಂದೆ ಮನಸ್ಸು ಓಲಾಡುವುದಿಲ್ಲ.

ಗಂಟೆ ಎಣಿಸುವಾಗ ಆ ಸೀಟು ನಿಜವಾಗಿ ಸಿಗುವ ಗಂಟೆಗಳನ್ನು ಮಾತ್ರ ಎಣಿಸಿ. ದುಬೈ ಮೇಲೆ ಹೋದರೆ ಮುಂಬೈಯಿಂದ ದುಬೈಗೆ ಬರೀ ಮೂರು ಗಂಟೆ, ಅಲ್ಲಿಂದ ನ್ಯೂಯಾರ್ಕಿಗೆ ಹದಿನಾಲ್ಕು. ಎರಡನೆಯ ವಿಮಾನದಲ್ಲಿ ಆ ಸೀಟು ಇದೆಯೇ ಎಂದು ನೋಡಬೇಕು, ಯಾಕೆಂದರೆ ಒಂದೇ ಕಂಪನಿಯ ಎಲ್ಲ ವಿಮಾನಗಳಲ್ಲೂ ಅದು ಇರುವುದಿಲ್ಲ. ಕತಾರ್ ಏರ್‌ವೇಸ್‌ನಲ್ಲಿ ಪ್ರೀಮಿಯಂ ಇಕಾನಮಿ ದರ್ಜೆಯೇ ಇಲ್ಲ. ಫ್ರಾಂಕ್‌ಫರ್ಟ್ ದಾಟಿ ಯುರೋಪಿನ ಇನ್ನೊಂದು ಊರಿಗೆ ಹೋಗುವ ಸಣ್ಣ ವಿಮಾನದಲ್ಲೂ ಇಲ್ಲ. ಮುಂಬೈ ನ್ಯೂಯಾರ್ಕ್ ನಡುವಿನ ನೇರ ವಿಮಾನಕ್ಕೂ ಯಾವ ಮಾದರಿ ಹಾಕಿದ್ದಾರೆ ಎಂದು ನೋಡಿಯೇ ಹಣ ಕಟ್ಟಿ.

ಹೋಗುವಾಗ ಬರುವಾಗ ಎರಡೂ ಕಡೆ ಬೇಡ ಎನ್ನುವುದು ನಮ್ಮ ಮನೆಯ ತೀರ್ಮಾನ. ಅನೇಕ ಸಂಸ್ಥೆಗಳು ಒಂದು ಕಡೆಗೆ ಇಕಾನಮಿ, ಇನ್ನೊಂದು ಕಡೆಗೆ ಪ್ರೀಮಿಯಂ ಇಕಾನಮಿ ಸೇರಿಸಿ ಟಿಕೆಟ್ ಕೊಡುತ್ತವೆ. ನಾವು ಬರುವ ಕಡೆಗೆ ಹಣ ಹಾಕುತ್ತೇವೆ. ಪೂರ್ವಕ್ಕೆ ಹಾರಿದಾಗ ದೇಹದ ಗಡಿಯಾರ ಹೊಂದಿಕೊಳ್ಳಲು ಹೆಚ್ಚು ದಿನ ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಇಳಿದರೆ ಮಗಳು ಕಾರು ತಂದು ಕಾಯುತ್ತಿರುತ್ತಾಳೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಹಾಸಿಗೆ. ಇಲ್ಲಿ ಇಳಿದರೆ ಇನ್ನೂ ಘಾಟು ಹತ್ತಬೇಕು. ಇಗತಪುರಿಯಿಂದ ಭಿವಂಡಿ ಕಡೆಯ ಆಮನೆ ಎಂಬ ಊರಿನವರೆಗಿನ 76 ಕಿಲೋಮೀಟರ್ ತೆರೆದು, 2025ರ ಜೂನ್ 5ರಂದು 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗ ಪೂರ್ತಿಯಾಯಿತು, ಸಂಭಾಜಿನಗರದವರಿಗೆ ದೊಡ್ಡ ಉಪಕಾರವೇ ಆಯಿತು. ಆದರೆ ಆಮನೆಯಿಂದ ವಿಮಾನ ನಿಲ್ದಾಣದವರೆಗಿನ ಟ್ರಾಫಿಕ್ಕು ಹಾಗೇ ಇದೆ.

ಹೋಗುವ ಕಡೆಗೆ ಉಳಿದ ಹಣದಲ್ಲಿ ಸ್ವಲ್ಪವನ್ನು ಬೇರೆ ರೀತಿ ಖರ್ಚು ಮಾಡಿ. ಬೆಳಿಗ್ಗೆಯ ಪಂಚವಟಿ ಎಕ್ಸ್‌ಪ್ರೆಸ್ಸಿಗೋ, ಸಂಭಾಜಿನಗರದವರಾದರೆ ವಂದೇ ಭಾರತ್ ರೈಲಿಗೋ ಕೂತು ಮುಂಬೈ ಸೇರಿ, ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದು, ಸಂಜೆವರೆಗೆ ಕಾಲು ನೀಡಿ ಮಲಗಿ. ಇಕಾನಮಿಯಲ್ಲೇ ಹೆಚ್ಚು ಜಾಗದ ಸಾಲಿನ ಸೀಟನ್ನು ಬೇರೆ ಶುಲ್ಕ ಕೊಟ್ಟು ಕಾದಿರಿಸಿ. ಅದರಲ್ಲಿ ಅಗಲ ಹೆಚ್ಚುವುದಿಲ್ಲ, ಕಾಲಿಗೆ ಮಾತ್ರ ಮೂರು ನಾಲ್ಕು ಇಂಚು ಸಿಗುತ್ತದೆ. ಯುರೋಪಿನ ಒಂಬತ್ತು ಹತ್ತು ಗಂಟೆಗೆ ಇವೆರಡೂ ಸೇರಿದರೆ ನನ್ನ ಮಟ್ಟಿಗೆ ಧಾರಾಳ ಸಾಕು.

ಓಝರ್‌ನಿಂದಲೋ ಚಿಕಲಠಾಣಾದಿಂದಲೋ ದೇಶದೊಳಗಿನ ವಿಮಾನ ಹಿಡಿದು ದೊಡ್ಡ ಊರಿಗೆ ಹೋಗಿ ಅಲ್ಲಿಂದ ಹಾರುವವರೂ ಇದ್ದಾರೆ. ಘಾಟಿನ ರಸ್ತೆ ತಪ್ಪುತ್ತದೆ, ಸರಿ. ಆದರೆ ಆ ಟಿಕೆಟನ್ನು ಬೇರೆಯಾಗಿ ಕೊಂಡರೆ ಇಂಡಿಗೊದಲ್ಲಿ ಒಬ್ಬರಿಗೆ 15 ಕಿಲೋ ಲಗೇಜು ಮಾತ್ರ. ಪ್ರೀಮಿಯಂ ಇಕಾನಮಿಗೆ ಅನೇಕ ಕಂಪನಿಗಳು ಕೊಡುವ 23 ಕಿಲೋದ ಎರಡು ಪೆಟ್ಟಿಗೆಯ ಅನುಕೂಲವೆಲ್ಲ ಆ ಮೊದಲ ಕೌಂಟರಿನಲ್ಲೇ ಹೆಚ್ಚುವರಿ ತೂಕದ ಶುಲ್ಕವಾಗಿ ಕರಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಣೆಯೂ ನಿಮ್ಮದೇ. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿದ್ದರೆ ಈ ತಾಪತ್ರಯವಿಲ್ಲ. ಮುಂಬೈಗೇ ಹೋಗುವುದಾದರೆ ನಿಲ್ದಾಣದ ಹೆಸರನ್ನೂ ಓದಿಕೊಳ್ಳಿ. 2025ರ ಡಿಸೆಂಬರ್ 25ರಿಂದ ನವಿ ಮುಂಬೈಯ ಹೊಸ ನಿಲ್ದಾಣವೂ ನಡೆಯುತ್ತಿದೆ, ಅದು ಸಹಾರ್‌ನಿಂದ ಬಹಳ ದೂರ.

ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಪ್ರೀಮಿಯಂ ಇಕಾನಮಿ ಕೊಂಡವರನ್ನು ವಿಮಾನ ಬದಲಾಯಿತೆಂದು ಇಕಾನಮಿಗೆ ಇಳಿಸಿದರೆ, 2023ರ ಫೆಬ್ರುವರಿ 15ರಿಂದ ಜಾರಿಗೆ ಬಂದ, ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ನಮ್ಮ ದೇಶದ ಸಂಸ್ಥೆಗಳು ತೆರಿಗೆ ಸೇರಿದ ಟಿಕೆಟ್ ಬೆಲೆಯಲ್ಲಿ ಒಂದು ಪಾಲನ್ನು ವಾಪಸು ಕೊಡಬೇಕು. ಅಂತರರಾಷ್ಟ್ರೀಯ ಹಾರಾಟ 1,500 ಕಿಲೋಮೀಟರ್ ಒಳಗಿದ್ದರೆ ಶೇ 30, 3,500ರವರೆಗೆ ಶೇ 50, ಅದಕ್ಕೂ ಮೇಲಾದರೆ ಶೇ 75. ಯುರೋಪಿನ ನಿಯಮದಲ್ಲೂ ದೂರಕ್ಕೆ ತಕ್ಕಂತೆ ಇದೇ ಶೇಕಡಾವಾರು. ನಮಗೆ ಒಮ್ಮೆ ಹೀಗಾದಾಗ ಕಂಪನಿಯವರು ಮೊದಲು ಎರಡು ದರಗಳ ವ್ಯತ್ಯಾಸವನ್ನಷ್ಟೇ ಕೊಡಲು ಬಂದರು. ಬೋರ್ಡಿಂಗ್ ಪಾಸು, ಮೂಲ ಟಿಕೆಟ್, ಹಣ ಕಟ್ಟಿದ ರಸೀದಿ ಲಗತ್ತಿಸಿ, ನಿಯಮವನ್ನು ಉಲ್ಲೇಖಿಸಿ ಮೇಲ್ ಬರೆದ ಮೇಲೆ ಬಾಕಿ ಹಣ ಖಾತೆಗೆ ಬಂತು. ಹಾಗೂ ಬಗ್ಗದಿದ್ದರೆ ಸರಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಬೋರ್ಡಿಂಗ್ ಪಾಸನ್ನು ಮನೆ ಸೇರಿದ ಕೂಡಲೇ ಹರಿದು ಹಾಕುವ ಅಭ್ಯಾಸ ಬಿಡಿ.

ವ್ಯವಹಾರಕ್ಕಾಗಿ ಹಾರುವ ಸಾತಪುರ, ವಾಳೂಜ್‌ನ ಕಾರ್ಖಾನೆದಾರರ ಲೆಕ್ಕ ಬೇರೆ. ಬುಕಿಂಗ್ ಮಾಡುವಾಗಲೇ ಕಂಪನಿಯ ಜಿಎಸ್‌ಟಿ ನಂಬರು ಕೊಟ್ಟರೆ ಆ ಶೇ 18ನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯುವ ದಾರಿ ಇದೆ, ನಿಮ್ಮ ಆಡಿಟರರನ್ನು ಕೇಳಿ. ಪಿಂಚಣಿ, ಬಡ್ಡಿಯಲ್ಲಿ ಬದುಕುವ ನಮ್ಮಂಥವರಿಗೆ ಆ ದಾರಿ ಇಲ್ಲ, ಕಟ್ಟಿದ್ದು ಕಟ್ಟಿದಂತೆಯೇ.

ಹಾಗಾಗಿ ಈ ಸೀಟನ್ನು ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಕೊಳ್ಳಲೇಬೇಡಿ. ಕಂತಿನ ಬಡ್ಡಿ, ಅದರ ಮೇಲೆ ಮತ್ತೆ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ಎಲ್ಲ ಸೇರಿ ಗಂಟೆಯ ಲೆಕ್ಕ ಕೆಡುತ್ತದೆ, ಊರಿಗೆ ಮರಳಿ ಬಂದ ಮೇಲೂ ಕಟ್ಟುತ್ತಿರಬೇಕಾಗುತ್ತದೆ. ಮಗಳ ಊರಿನ ಹೆಸರಲ್ಲಿ ನಾನೊಂದು ಆರ್‌ಡಿ ಇಟ್ಟಿದ್ದೇನೆ. ಅದರಲ್ಲಿ ಕೂಡಿದ್ದು ಇಕಾನಮಿ ಟಿಕೆಟ್ಟು, ಪ್ರಯಾಣ ವಿಮೆ, ಮುಂಬೈಯ ಕೋಣೆ ಎಲ್ಲ ಕಳೆದು ಮಿಕ್ಕರೆ ಮಾತ್ರ ಬರುವ ಕಡೆಗೆ ದೊಡ್ಡ ಸೀಟು. ಪ್ರಯಾಣ ವಿಮೆಯನ್ನು ಕಡಿಮೆ ಮಾಡಿ ಸೀಟು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ಅಲ್ಲಿನ ಆಸ್ಪತ್ರೆಯ ಒಂದು ರಾತ್ರಿ ಇಲ್ಲಿನ ಎಷ್ಟೋ ವರ್ಷದ ಉಳಿತಾಯ ನುಂಗಬಲ್ಲದು.

ತಂಗಿಗೆ ನಾನು ಹೇಳಿದ್ದು ಇಷ್ಟು: ಜರ್ಮನಿಗೆ ಬೇಡ, ಇಕಾನಮಿಯ ಹೆಚ್ಚು ಜಾಗದ ಸಾಲು ಹಿಡಿ, ಒಂದು ಹಗಲು ಮುಂಬೈಯಲ್ಲಿ ಮಲಗು. ಅಮೆರಿಕಕ್ಕಾದರೆ, ಅರವತ್ತು ದಾಟಿದ, ಕಾಲುದ್ದದ, ಮಂಡಿ ನೋವಿನವರಿಗೆ ಬರುವ ಕಡೆಯ ಪ್ರೀಮಿಯಂ ಇಕಾನಮಿ ಕೊಟ್ಟ ಹಣಕ್ಕೆ ಮೋಸವಿಲ್ಲ. ಮಕ್ಕಳು ಟಿಕೆಟ್ ಕಳಿಸುತ್ತೇವೆ ಎಂದಾಗ ನಮ್ಮ ಹಿರಿಯರು ಬೇಡ ಬೇಡ ಎನ್ನುತ್ತಾರೆ. ಬೇಡ ಎನ್ನುವ ಬದಲು, ಹೋಗುವಾಗ ಸಾದಾ ಸೀಟು ಸಾಕು, ಬರುವಾಗ ಮಾತ್ರ ದೊಡ್ಡದು ತೆಗೆಸು ಎಂದು ಬಾಯಿಬಿಟ್ಟು ಹೇಳಿ.