ಕೇಬಲಿನೊಳಗಣ ಚಾನೆಲ್ಲುಗಳ ಶೋಧನೆ

ಟೆಲಿವಿಷನ್ ನೋಡುವವನಿಗೆ ಚಾನೆಲ್ ಎಂದರೆ ಒಂದು ಸಂಖ್ಯೆ. ರಿಮೋಟಿನ ಮೇಲೆ ಆ ಸಂಖ್ಯೆಯನ್ನು ಒತ್ತಿದೊಡನೆ ಚಿತ್ರ ಮೂಡುತ್ತದೆ. ಸಂಖ್ಯೆಗೂ ಚಿತ್ರಕ್ಕೂ ನಡುವೆ ಏನು ನಡೆಯಿತೆಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆದರೆ ಮನೆಯ ಕಂಪ್ಯೂಟರಿಗೆ ಒಂದು ಟ್ಯೂನರನ್ನು ಜೋಡಿಸಿ, ಬೇಕಾದ ಕಾರ್ಯಕ್ರಮಗಳು ಹೊತ್ತಿಗೆ ಸರಿಯಾಗಿ ತಾವಾಗಿಯೇ ಮುದ್ರಿತವಾಗುವಂತೆ ಏರ್ಪಾಡು ಮಾಡಲು ಹೊರಟವನಿಗೆ ಈ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ಕಂಪ್ಯೂಟರಿಗೆ ಯಾವ ಚಾನೆಲ್ಲಿನ ಪರಿಚಯವೂ ಇಲ್ಲ. ಅದರ ಮುಂದಿರುವುದು ಗೋಡೆಯಿಂದ ಹೊರಬಂದ ಒಂದು ಕೇಬಲ್ ಮಾತ್ರ. ಅದರಲ್ಲಿ ಏನೇನಿದೆ ಎಂಬುದನ್ನು ಯಂತ್ರವು ತಾನೇ ಹುಡುಕಿ ತಿಳಿಯಬೇಕು. ಈ ಹುಡುಕಾಟಕ್ಕೆ ಸ್ಕ್ಯಾನಿಂಗ್, ಅಂದರೆ ಶೋಧನೆ, ಎಂದು ಹೆಸರು.

ಶೋಧನೆಯೆಂಬ ಈ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ: ಅಳೆಯುವುದು ಮತ್ತು ಹೆಸರಿಡುವುದು. ಮೊದಲನೆಯದು ಭೌತವಿಜ್ಞಾನಕ್ಕೆ ಸೇರಿದ್ದು. ಎರಡನೆಯದು ಮನುಷ್ಯರು ತಮ್ಮೊಳಗೆ ಮಾಡಿಕೊಂಡ ಒಪ್ಪಂದಕ್ಕೆ ಸೇರಿದ್ದು. ಇವೆರಡರ ಭೇದವನ್ನು ಅರಿಯದೆ ಗುಂಡಿಯನ್ನು ಒತ್ತಿದರೆ, ಬಹುಕಾಲ ಶ್ರಮಪಟ್ಟು ಕಟ್ಟಿದ ಏರ್ಪಾಡು ಕೆಲವೇ ನಿಮಿಷಗಳಲ್ಲಿ ಕೆಡಬಹುದು. ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಇಂಥ ಮುದ್ರಣಕ್ಕೆ ಬಳಸುವ ಸಾಫ್ಟ್‌ವೇರುಗಳಲ್ಲಿ 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬವರು ಆರಂಭಿಸಿದ ಮಿಥ್‌ಟಿವಿ ಪ್ರಸಿದ್ಧವಾದುದು. ಟಿವಿಹೆಡ್‌ಎಂಡ್ ಎಂಬುದು ಇನ್ನೊಂದು. ಎರಡೂ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದಂಥವು. ಭಾರತದ ಕೇಬಲಿನಲ್ಲಿ ಇವುಗಳಿಗೆ ಹೆಚ್ಚು ಅವಕಾಶವಿಲ್ಲ. 2011ರಲ್ಲಿ ಕೇಬಲ್ ಕಾಯಿದೆಗೆ ಆದ ತಿದ್ದುಪಡಿಯ ತರುವಾಯ ನಮ್ಮಲ್ಲಿ ಚಾನೆಲ್ಲುಗಳು ಗೂಢಸಂಕೇತದಲ್ಲಿ ಬರುತ್ತವೆ. ಅವುಗಳನ್ನು ಬಿಡಿಸಲು ಕೇಬಲ್ ಸಂಸ್ಥೆಯ ಪೆಟ್ಟಿಗೆಯೇ ಬೇಕು. ಬೆಂಗಳೂರು, ಮೈಸೂರುಗಳು 2013ರ ಮಾರ್ಚಿಗೆ ಮುಗಿಯಬೇಕಾಗಿದ್ದ ಎರಡನೆಯ ಹಂತದಲ್ಲಿ ಈ ವ್ಯವಸ್ಥೆಗೆ ಸೇರಿದವು. ಆದರೂ ಆ ಪೆಟ್ಟಿಗೆಯೊಳಗೆ ನಡೆಯುವುದು ಇದೇ ಶೋಧನೆಯೇ. ಅದನ್ನು ತೆರೆದು ನೋಡಲು ಅನುಕೂಲವಾದ ದೇಶ ಜರ್ಮನಿ. ಅಲ್ಲಿ ಎಆರ್‌ಡಿ, ಝಡ್‌ಡಿಎಫ್ ಮೊದಲಾದ ಸಾರ್ವಜನಿಕ ಸಂಸ್ಥೆಗಳ ಚಾನೆಲ್ಲುಗಳು ಕೇಬಲಿನಲ್ಲಿ ಗೂಢಸಂಕೇತವಿಲ್ಲದೆ ಬರುತ್ತವೆ. ಆದುದರಿಂದ ನಮ್ಮ ಉದಾಹರಣೆಗಳನ್ನು ಹೆಚ್ಚಾಗಿ ಅಲ್ಲಿಂದ ತೆಗೆದುಕೊಳ್ಳೋಣ.

ಕೇಬಲಿನಲ್ಲಿ ಹರಿಯುವುದೇನು?

ಕೇಬಲಿನೊಳಗೆ ಅನೇಕ ವಾಹಕ ಅಲೆಗಳು ಏಕಕಾಲದಲ್ಲಿ ಹರಿಯುತ್ತಿರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಆದ ಆವರ್ತಾಂಕವುಂಟು. ಯುರೋಪಿನ ಕೇಬಲಿನ ಮೇಲಿನ ಭಾಗದಲ್ಲಿ ಈ ಅಲೆಗಳು 306, 314, 322 ಎಂಬಂತೆ 8 ಮೆಗಾಹರ್ಟ್ಸ್ ಅಂತರದಲ್ಲಿ ಸಾಲಾಗಿ ನಿಂತು, 858 ಮೆಗಾಹರ್ಟ್ಸಿನವರೆಗೂ ಹೋಗಬಹುದು. ಲೆಕ್ಕ ಹಾಕಿದರೆ ಇಲ್ಲಿ 70 ಸ್ಥಾನಗಳಾಗುತ್ತವೆ; ಇವುಗಳ ಕೆಳಗೆ ಇನ್ನೂ ಕೆಲವಿವೆ.

ವಾಹಕ ಅಲೆಯ ಪಾರವನ್ನೂ ಪ್ರಾವಸ್ಥೆಯನ್ನೂ ಒಟ್ಟಿಗೆ ಬದಲಿಸುತ್ತ ಅದರ ಮೇಲೆ ಸುದ್ದಿಯನ್ನು ಹೇರುವರು. ಇದಕ್ಕೆ ಕ್ವಾಮ್ ಎಂದು ಹೆಸರು. ರಂಗೋಲಿಗಾಗಿ ಇಟ್ಟ ಚುಕ್ಕೆಗಳನ್ನು ಕಲ್ಪಿಸಿಕೊಳ್ಳಿರಿ: ಸಾಲಿಗೆ 16ರಂತೆ 16 ಸಾಲು, ಒಟ್ಟು 256 ಚುಕ್ಕೆಗಳು. ಒಂದೊಂದು ಚುಕ್ಕೆಯೂ ಪಾರ ಮತ್ತು ಪ್ರಾವಸ್ಥೆಗಳ ಒಂದು ನಿರ್ದಿಷ್ಟ ಜೋಡಿ. ಪ್ರತಿ ಕ್ಷಣವೂ ಅಲೆಯು ಈ ಚುಕ್ಕೆಗಳಲ್ಲಿ ಯಾವುದೋ ಒಂದನ್ನು ಸೂಚಿಸುತ್ತದೆ. 256 ಎಂದರೆ ಎರಡರ ಎಂಟನೆಯ ಘಾತ. ಆದುದರಿಂದ ಒಂದು ಚುಕ್ಕೆ 8 ಬಿಟ್‌ಗಳನ್ನು ತಿಳಿಸುತ್ತದೆ. ಜರ್ಮನಿಯ ಕೇಬಲಿನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 69 ಲಕ್ಷ ಚುಕ್ಕೆಗಳನ್ನು ಕಳುಹಿಸುವರು. ಈ ಸಂಖ್ಯೆಗೆ ಕಾರಣವುಂಟು. ಅಲೆಯ ಅಂಚುಗಳನ್ನು ನಯಗೊಳಿಸಲು ಶೇಕಡಾ 15ರಷ್ಟು ಹೆಚ್ಚು ಜಾಗ ಬೇಕಾಗುತ್ತದೆ. 6.9ನ್ನು 1.15ರಿಂದ ಗುಣಿಸಿದರೆ 7.935 ಬರುತ್ತದೆ; ಎಂದರೆ 8 ಮೆಗಾಹರ್ಟ್ಸಿನ ಸ್ಥಾನದೊಳಗೆ ಅಲೆ ಸರಿಯಾಗಿ ಹಿಡಿಸುತ್ತದೆ. 69 ಲಕ್ಷವನ್ನು 8ರಿಂದ ಗುಣಿಸಿ, ದೋಷ ತಿದ್ದಲು ಮೀಸಲಾದ ಭಾಗವನ್ನು ಕಳೆದರೆ, ಸೆಕೆಂಡಿಗೆ ಸುಮಾರು 5 ಕೋಟಿ 8 ಲಕ್ಷ ಉಪಯುಕ್ತ ಬಿಟ್‌ಗಳು ಉಳಿಯುತ್ತವೆ.

ಇಷ್ಟು ದೊಡ್ಡ ಪ್ರವಾಹ ಒಂದೇ ಚಾನೆಲ್ಲಿಗೆ ಬೇಡ. ಆದುದರಿಂದ ಹಲವು ಚಾನೆಲ್ಲುಗಳನ್ನು ಒಂದು ಕಂತೆಯಾಗಿ ಕಟ್ಟಿ ಒಂದೇ ವಾಹಕದ ಮೇಲೆ ಕಳುಹಿಸುವರು. ಈ ಕಂತೆಯನ್ನು ಮಲ್ಟಿಪ್ಲೆಕ್ಸ್ ಎನ್ನುವರು. ಇಲ್ಲಿಯೇ ಮೊದಲನೆಯ ಮುಖ್ಯ ಸಂಗತಿ ತಿಳಿಯುತ್ತದೆ: ಟ್ಯೂನರ್ ಹುಡುಕುವುದು ಚಾನೆಲ್ಲುಗಳನ್ನಲ್ಲ, ಕಂತೆಗಳನ್ನು.

ಅಳೆಯುವ ಕೆಲಸ

ಟ್ಯೂನರ್ ಒಂದು ಆವರ್ತಾಂಕಕ್ಕೆ ಹೊಂದಿಕೊಂಡು, ಚುಕ್ಕೆಗಳ ವೇಗವನ್ನೂ ವಿನ್ಯಾಸವನ್ನೂ ಊಹಿಸಿ ಪ್ರಯತ್ನಿಸುತ್ತದೆ. ಊಹೆ ಸರಿಯಾಗಿದ್ದರೆ ಚುಕ್ಕೆಗಳು ಸ್ಪಷ್ಟವಾಗಿ ಬೇರ್ಪಡುತ್ತವೆ. ಆಗ ಟ್ಯೂನರ್ ಲಾಕ್ ಆಯಿತೆನ್ನುವರು. ತಪ್ಪಿದ್ದರೆ ಏನೂ ದೊರೆಯದು. 70 ಸ್ಥಾನಗಳಲ್ಲಿ ಮೂರು ಬಗೆಯ ವೇಗಗಳನ್ನೂ ಎರಡು ಬಗೆಯ ವಿನ್ಯಾಸಗಳನ್ನೂ ಪರೀಕ್ಷಿಸಬೇಕಾದರೆ ಒಟ್ಟು 420 ಪ್ರಯತ್ನಗಳಾಗುತ್ತವೆ. ಕೇಬಲ್ ಸಂಸ್ಥೆ ಬಳಸುವ ವೇಗವನ್ನು ಮೊದಲೇ ತಿಳಿದು ಸಾಫ್ಟ್‌ವೇರಿಗೆ ಹೇಳಿಬಿಟ್ಟರೆ ಈ ಶ್ರಮ ಬಹುಮಟ್ಟಿಗೆ ಕಡಮೆಯಾಗುವುದು.

ಸಂಕೇತದ ಬಲವೂ ಇಲ್ಲಿ ಮುಖ್ಯ. ಅಷ್ಟೇ ಶಕ್ತಿಯಲ್ಲಿ 64 ಚುಕ್ಕೆಗಳ ಬದಲು 256 ಚುಕ್ಕೆಗಳನ್ನು ಇಟ್ಟರೆ ಅವುಗಳ ನಡುವಣ ಅಂತರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದಕಾರಣ ಗದ್ದಲಕ್ಕೆ ಹೋಲಿಸಿದಾಗ ಸಂಕೇತದ ಶಕ್ತಿ ಸುಮಾರು ನಾಲ್ಕು ಪಟ್ಟು, ಅಂದರೆ 6 ಡೆಸಿಬೆಲ್, ಹೆಚ್ಚಾಗಿರಬೇಕು. ತುಕ್ಕು ಹಿಡಿದ ಒಂದು ಕನೆಕ್ಟರ್, ಒಂದೇ ಕೇಬಲನ್ನು ನಾಲ್ಕಾಗಿ ಕವಲೊಡೆಸುವ ಸ್ಪ್ಲಿಟರ್, ಇಂಥ ಸಣ್ಣ ಕಾರಣಗಳೇ ಒಂದು ಕಂತೆಯನ್ನು ಕಾಣದಂತೆ ಮಾಡಬಲ್ಲವು. ಹಳೆಯ ಅನಲಾಗ್ ಪದ್ಧತಿಯಲ್ಲಿ ಸಂಕೇತ ಕುಗ್ಗಿದಾಗ ಚಿತ್ರ ಮಸಕಾಗುತ್ತಿತ್ತು. ಡಿಜಿಟಲ್ ಪದ್ಧತಿಯಲ್ಲಿ ಅದು ಕೊನೆಯವರೆಗೂ ಚೆನ್ನಾಗಿದ್ದು ಥಟ್ಟನೆ ಮಾಯವಾಗುತ್ತದೆ. ಹೀಗಾಗಿ ಶೋಧನೆಯಲ್ಲಿ ಸಿಗಲಿಲ್ಲ ಎಂದ ಮಾತ್ರಕ್ಕೆ ಕೇಬಲಿನಲ್ಲಿ ಇಲ್ಲವೆಂದು ಅರ್ಥವಲ್ಲ. ಈ ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ತಿಳಿಯುವುದು.

ಹೆಸರಿಡುವ ಕೆಲಸ

ಲಾಕ್ ಆದ ಬಳಿಕ ದೊರೆಯುವುದು ಬರಿಯ ಬಿಟ್‌ಗಳ ಹೊನಲು. ಇದು 188 ಬೈಟ್‌ಗಳ ಪ್ಯಾಕೆಟ್ಟುಗಳಾಗಿ ಒಡೆದಿರುತ್ತದೆ. ಪ್ರತಿ ಪ್ಯಾಕೆಟ್ಟಿನ ಮೊದಲ ಬೈಟು ಯಾವಾಗಲೂ 71. ಪ್ಯಾಕೆಟ್ಟಿನ ಆರಂಭವನ್ನು ಗುರುತಿಸುವುದಕ್ಕೆ ಇದೇ ಆಧಾರ. ಅದರ ಬೆನ್ನಲ್ಲೇ 13 ಬಿಟ್‌ಗಳ ಒಂದು ಗುರುತುಸಂಖ್ಯೆ ಇದೆ. 13 ಬಿಟ್‌ಗಳಿಂದ 0ಯಿಂದ 8191ರವರೆಗೆ 8192 ಸಂಖ್ಯೆಗಳನ್ನು ಬರೆಯಬಹುದು. ಯಾವ ಪ್ಯಾಕೆಟ್ಟು ಯಾರದೆಂದು ತಿಳಿಯುವುದು ಈ ಸಂಖ್ಯೆಯಿಂದಲೇ.

ಸೊನ್ನೆ ಎಂಬ ಗುರುತುಳ್ಳ ಪ್ಯಾಕೆಟ್ಟುಗಳಲ್ಲಿ ಆ ಕಂತೆಯ ವಿಷಯಸೂಚಿ ಬರುತ್ತದೆ: ಇದರಲ್ಲಿ ಯಾವ ಯಾವ ಸೇವೆಗಳಿವೆ, ಅವುಗಳ ವಿವರ ಎಲ್ಲಿ ದೊರೆಯುತ್ತದೆ ಎಂಬ ಕೋಷ್ಟಕ. ಆ ವಿವರವನ್ನು ತೆರೆದರೆ ಚಿತ್ರಕ್ಕೆ ಯಾವ ಗುರುತು, ಧ್ವನಿಗೆ ಯಾವ ಗುರುತು ಎಂಬುದು ತಿಳಿಯುತ್ತದೆ. 17ನೆಯ ಗುರುತಿನಲ್ಲಿ ಬರುವ ಕೋಷ್ಟಕದಲ್ಲಿ ಸೇವೆಗಳ ಹೆಸರುಗಳಿವೆ. 16ನೆಯ ಗುರುತಿನಲ್ಲಿ ಬರುವುದು ಇಡೀ ಜಾಲದ ಕೋಷ್ಟಕ. ಆ ಕೇಬಲಿನಲ್ಲಿರುವ ಎಲ್ಲ ಕಂತೆಗಳ ಆವರ್ತಾಂಕ, ವೇಗ, ವಿನ್ಯಾಸಗಳನ್ನು ಇದು ಪಟ್ಟಿಮಾಡಿ ಹೇಳುತ್ತದೆ.

ಆದುದರಿಂದ ಶೋಧನೆಗೆ ಎರಡು ಮಾರ್ಗಗಳಿವೆ. ಎಲ್ಲ ಸ್ಥಾನಗಳನ್ನೂ ಒಂದೊಂದಾಗಿ ತಡವಿ ನೋಡುವುದು ಒಂದು. ಯಾವುದಾದರೊಂದು ಕಂತೆಯನ್ನು ಹಿಡಿದು, ಅದರ ಜಾಲಕೋಷ್ಟಕವನ್ನು ಓದಿ, ಅದು ಹೇಳಿದೆಡೆಗೆ ಮಾತ್ರ ಹೋಗುವುದು ಇನ್ನೊಂದು. ಎರಡನೆಯದು ಬಹಳ ಬೇಗ ಮುಗಿಯುತ್ತದೆ. ಆದರೆ ಅದು ಕೋಷ್ಟಕದ ಸತ್ಯತೆಯನ್ನೇ ನಂಬಿದೆ. ಉಪಗ್ರಹದಿಂದ ಬಂದ ಕೋಷ್ಟಕವನ್ನೇ ತಿದ್ದದೆ ತಮ್ಮ ಕೇಬಲಿಗೆ ಹರಿಯಬಿಡುವ ಸಣ್ಣ ಜಾಲಗಳೂ ಉಂಟು. ಅಲ್ಲಿ ಮೊದಲನೆಯ ಮಾರ್ಗವೇ ಗತಿ. ತಾಳ್ಮೆಯೂ ಬೇಕು. ಜಾಲಕೋಷ್ಟಕವನ್ನು ಕನಿಷ್ಠ 10 ಸೆಕೆಂಡಿಗೊಮ್ಮೆ ಪುನಃ ಕಳುಹಿಸಬೇಕೆಂಬುದು ಯುರೋಪಿನ ನಿಯಮ. ಸಾಫ್ಟ್‌ವೇರು ಮೂರೇ ಸೆಕೆಂಡು ಕಾದು ಮುಂದೆ ಹೋದರೆ ಕೋಷ್ಟಕ ಕೈತಪ್ಪಬಹುದು. 70 ಸ್ಥಾನಗಳಲ್ಲಿಯೂ ಕಂತೆಗಳಿದ್ದು ಪ್ರತಿಯೊಂದರಲ್ಲಿಯೂ 10 ಸೆಕೆಂಡು ನಿಂತರೆ 700 ಸೆಕೆಂಡು, ಸುಮಾರು 12 ನಿಮಿಷ ಹಿಡಿಯುತ್ತದೆ. ಇದು ಯಂತ್ರದ ಆಲಸ್ಯವಲ್ಲ, ಆವಶ್ಯಕವಾದ ಕಾಯುವಿಕೆ.

ಚಾನೆಲ್ಲಿನ ನಿಜವಾದ ಗುರುತು

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಿನ್ನೆಯ ಶೋಧನೆಯಲ್ಲಿ ಸಿಕ್ಕ ಚಾನೆಲ್ಲೂ ಇಂದಿನ ಶೋಧನೆಯಲ್ಲಿ ಸಿಕ್ಕ ಚಾನೆಲ್ಲೂ ಒಂದೇ ಎಂದು ಹೇಳುವುದು ಹೇಗೆ? ಆವರ್ತಾಂಕ ಒಂದೇ ಆಗಿದೆಯೆಂದು ಹೇಳಲಾಗದು, ಅದು ಬದಲಾಗಬಹುದು. ಹೆಸರನ್ನೂ ನಂಬಲಾಗದು. ಜರ್ಮನಿಯಲ್ಲಿ ಒಂದೇ ಸಂಸ್ಥೆಯ ಹಲವು ಪ್ರಾದೇಶಿಕ ಚಾನೆಲ್ಲುಗಳು ಬಹುಮಟ್ಟಿಗೆ ಒಂದೇ ಹೆಸರಿನಿಂದ ಬರುತ್ತವೆ. ರಿಮೋಟಿನ ಸಂಖ್ಯೆಯಂತೂ ನೋಡುಗನ ಅನುಕೂಲಕ್ಕಾಗಿ ಅಂಟಿಸಿದ ಚೀಟಿ.

ಯುರೋಪಿನ ಪದ್ಧತಿಯಲ್ಲಿ ಸೇವೆಯ ಗುರುತು ಮೂರು ಸಂಖ್ಯೆಗಳಿಂದಾದುದು: ಮೂಲ ಜಾಲದ ಸಂಖ್ಯೆ, ಕಂತೆಯ ಸಂಖ್ಯೆ, ಸೇವೆಯ ಸಂಖ್ಯೆ. ಒಂದೊಂದೂ 16 ಬಿಟ್‌ಗಳದು. ಇವುಗಳಲ್ಲಿ ಆವರ್ತಾಂಕ ಸೇರಿಲ್ಲವೆಂಬುದನ್ನು ಗಮನಿಸಬೇಕು. ಬಾಡಿಗೆಯ ಮನೆಯನ್ನು ಬದಲಾಯಿಸಿದರೆ ಮನುಷ್ಯನು ಬೇರೆಯಾಗುವುದಿಲ್ಲ. ವಾಹಕವನ್ನು ಬದಲಾಯಿಸಿದರೆ ಕಂತೆಯೂ ಬೇರೆಯಾಗುವುದಿಲ್ಲ.

ಇದರ ಬೆಲೆ ಜರ್ಮನಿಯಲ್ಲಿ 2018-19ರಲ್ಲಿ ಎಲ್ಲರಿಗೂ ಕಂಡಿತು. ಅಲ್ಲಿನ ದೊಡ್ಡ ಕೇಬಲ್ ಸಂಸ್ಥೆಯಾದ ವೋಡಾಫೋನ್ ಆ ಅವಧಿಯಲ್ಲಿ ಅನಲಾಗ್ ಪ್ರಸಾರವನ್ನು ನಿಲ್ಲಿಸಿ, ಡಿಜಿಟಲ್ ಕಂತೆಗಳ ಆವರ್ತಾಂಕಗಳನ್ನು ಊರಿನಿಂದ ಊರಿಗೆ ಹೊಸದಾಗಿ ಹೊಂದಿಸಿತು. ಇಂಥ ಸಂದರ್ಭದಲ್ಲಿ ಹಳೆಯ ಪಟ್ಟಿಯನ್ನು ಪೂರ್ತಿ ಅಳಿಸಿ ಹೊಸದಾಗಿ ಶೋಧಿಸುವುದು ಸುಲಭವೆಂದು ತೋರುತ್ತದೆ. ಆದರೆ ಸಾಫ್ಟ್‌ವೇರಿನಲ್ಲಿ ಒಂದು ಚಾನೆಲ್ಲಿನ ದಾಖಲೆಗೆ ಬೇರೆ ಬೇರೆ ಸಂಗತಿಗಳು ಕಟ್ಟಿಕೊಂಡಿರುತ್ತವೆ: ಕಾರ್ಯಕ್ರಮಗಳ ವೇಳಾಪಟ್ಟಿ, ಪ್ರತಿ ವಾರ ಮುದ್ರಿಸಬೇಕೆಂದು ಕೊಟ್ಟ ಆಜ್ಞೆ, ಮನೆಯವರು ಆರಿಸಿಕೊಂಡ ಸಂಖ್ಯೆ. ದಾಖಲೆಯನ್ನು ಅಳಿಸಿದರೆ ಇವುಗಳ ಬುಡವೇ ಕತ್ತರಿಸಿದಂತಾಗುತ್ತದೆ. ಚಾನೆಲ್ ಮತ್ತೆ ಸಿಕ್ಕರೂ ಅದು ಹೊಸಬನಂತೆ ಪಟ್ಟಿಗೆ ಸೇರುತ್ತದೆ. ಮುದ್ರಣದ ಆಜ್ಞೆ ಹಳೆಯ ದಾಖಲೆಯನ್ನೇ ಹುಡುಕುತ್ತ ಉಳಿಯುತ್ತದೆ. ಪ್ರಸಾರವಾಗಿ ಹೋದ ಕಾರ್ಯಕ್ರಮ ಮತ್ತೆ ಬರುವುದೆಂಬ ಭರವಸೆಯಿಲ್ಲ.

ಆದುದರಿಂದಲೇ ಒಳ್ಳೆಯ ಸಾಫ್ಟ್‌ವೇರುಗಳು ಅಳಿಸುವ ಬದಲು ಹೋಲಿಸುತ್ತವೆ. ಟಿವಿಹೆಡ್‌ಎಂಡಿನಲ್ಲಿ ಜಾಲ, ಕಂತೆ, ಸೇವೆ, ಚಾನೆಲ್ ಎಂದು ನಾಲ್ಕು ಪಟ್ಟಿಗಳು ಪ್ರತ್ಯೇಕವಾಗಿವೆ. ಮೊದಲ ಮೂರು ಕೇಬಲಿನಲ್ಲಿರುವ ವಸ್ತುಸ್ಥಿತಿ. ನಾಲ್ಕನೆಯದು ಮನೆಯವರ ಆಯ್ಕೆ. ಮಿಥ್‌ಟಿವಿಯಲ್ಲಿ ಶೋಧನೆ ಮುಗಿದಾಗ ಹೊಸ ಚಾನೆಲ್ಲುಗಳನ್ನೂ ಹಳೆಯವುಗಳನ್ನೂ ಬೇರ್ಪಡಿಸಿ ತೋರಿಸಿ, ಈ ಸಲ ಕಾಣದವುಗಳನ್ನು ಅಳಿಸಬೇಕೆ, ಮರೆಮಾಡಬೇಕೆ, ಹಾಗೆಯೇ ಇಟ್ಟುಕೊಳ್ಳಬೇಕೆ ಎಂದು ಕೇಳುತ್ತದೆ.

ಕೋಷ್ಟಕವಿಲ್ಲದಿದ್ದರೆ?

ಹೆಸರಿಡುವ ಕೆಲಸ ಎಷ್ಟು ಮುಖ್ಯವೆಂಬುದಕ್ಕೆ ಅಮೆರಿಕದ ಉದಾಹರಣೆಯನ್ನು ನೋಡಬಹುದು. ಅಲ್ಲಿ ಸ್ಥಾನದ ಅಗಲ 6 ಮೆಗಾಹರ್ಟ್ಸ್. 256 ಚುಕ್ಕೆಗಳ ವಿನ್ಯಾಸದಲ್ಲಿ ಸೆಕೆಂಡಿಗೆ ಸುಮಾರು 3 ಕೋಟಿ 88 ಲಕ್ಷ ಬಿಟ್‌ಗಳು ಬರುತ್ತವೆ. ಗೂಢಸಂಕೇತವಿಲ್ಲದ ಕೇಬಲ್ ಚಾನೆಲ್ಲುಗಳನ್ನು ಅಲ್ಲಿ ಕ್ಲಿಯರ್ ಕ್ವಾಮ್ ಎನ್ನುತ್ತಿದ್ದರು. ಅಳೆಯುವ ಕೆಲಸ ಅಲ್ಲಿಯೂ ಸಲೀಸಾಗಿ ನಡೆಯುತ್ತಿತ್ತು. ಆದರೆ ಅನೇಕ ಕೇಬಲ್ ಸಂಸ್ಥೆಗಳು ಹೆಸರಿನ ಕೋಷ್ಟಕವನ್ನು ಸರಿಯಾಗಿ ಕಳುಹಿಸುತ್ತಿರಲಿಲ್ಲ. 84ನೆಯ ಸ್ಥಾನದಲ್ಲಿ 3ನೆಯ ಸೇವೆ ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಅದು ಯಾವ ಚಾನೆಲ್ಲೆಂಬುದನ್ನು ಮನೆಯವರೇ ಪರದೆಯನ್ನು ನೋಡಿ ಗುರುತಿಸಿ ಬರೆದುಕೊಳ್ಳಬೇಕಾಗಿತ್ತು. ಸಂಸ್ಥೆ ಸ್ಥಾನಗಳನ್ನು ಬದಲಿಸಿದಾಗ ಆ ಬರೆಹವೆಲ್ಲ ವ್ಯರ್ಥ. 2012ರ ಅಕ್ಟೋಬರಿನಲ್ಲಿ ಅಲ್ಲಿನ ಸಂಪರ್ಕ ಆಯೋಗವು, ಪೂರ್ತಿ ಡಿಜಿಟಲ್ ಆದ ಜಾಲಗಳಲ್ಲಿ ಮೂಲಭೂತ ಚಾನೆಲ್ಲುಗಳನ್ನು ಕೂಡ ಗೂಢಸಂಕೇತದಲ್ಲಿ ಕಳುಹಿಸಲು ಅನುಮತಿಯಿತ್ತಿತು. ಅಂದಿನಿಂದ ಇಂಥ ಟ್ಯೂನರುಗಳ ಉಪಯೋಗ ಅಲ್ಲಿ ಕುಗ್ಗುತ್ತ ಬಂದಿತು. ಅಲೆ ಸಿಕ್ಕಿದೆ, ಲಾಕ್ ಆಗಿದೆ, ಆದರೂ ಚಿತ್ರವಿಲ್ಲ: ಅಳತೆಯೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅನುಸರಿಸಬೇಕಾದ ಕ್ರಮ

ಮೇಲಿನ ವಿಚಾರಗಳಿಂದ ಕೆಲವು ನಿಯಮಗಳು ಸಹಜವಾಗಿ ಹೊರಡುತ್ತವೆ. ಮೊದಲನೆಯದಾಗಿ, ಶೋಧನೆಗೆ ಮುಂಚೆ ಸಾಫ್ಟ್‌ವೇರಿನ ದಾಖಲೆಗಳ ಒಂದು ಪ್ರತಿಯನ್ನು ತೆಗೆದಿಡಬೇಕು. ಎರಡನೆಯದಾಗಿ, ಕೇಬಲಿನ ಜೋಡಣೆಗಳನ್ನು ಪರೀಕ್ಷಿಸಿ, ಗೊತ್ತಿರುವ ಒಂದೆರಡು ಕಂತೆಗಳಲ್ಲಿ ಸಂಕೇತದ ಬಲ ಸರಿಯಾಗಿದೆಯೇ ಎಂದು ನೋಡಬೇಕು. ಮೂರನೆಯದಾಗಿ, ಆ ಟ್ಯೂನರಿನಿಂದ ಯಾವ ಮುದ್ರಣವೂ ನಡೆಯದಿರುವ ಹೊತ್ತನ್ನು ಆರಿಸಬೇಕು. ಒಂದು ಟ್ಯೂನರ್ ಏಕಕಾಲದಲ್ಲಿ ಎರಡು ಆವರ್ತಾಂಕಗಳಲ್ಲಿ ಇರಲಾರದು. ನಾಲ್ಕನೆಯದಾಗಿ, ಒಂದು ಸಲ ಕಾಣದ ಚಾನೆಲ್ಲನ್ನು ಒಡನೆಯೇ ಅಳಿಸದೆ, ಮರೆಮಾಡಿ, ಇನ್ನೊಂದು ದಿನ ಮತ್ತೆ ಶೋಧಿಸಿ ನಿರ್ಧರಿಸಬೇಕು. ಐದನೆಯದಾಗಿ, ಕೊನೆಯಲ್ಲಿ ಚಾನೆಲ್ಲುಗಳ ಪಟ್ಟಿಯನ್ನು ನೋಡಿ ತೃಪ್ತಿಪಡದೆ, ಮುಂದಿನ ವಾರದ ಮುದ್ರಣಗಳ ಪಟ್ಟಿಯನ್ನು ತೆರೆದು, ಹಳೆಯ ಆಜ್ಞೆಗಳೆಲ್ಲ ಸರಿಯಾದ ಚಾನೆಲ್ಲುಗಳಿಗೇ ಅಂಟಿಕೊಂಡಿವೆಯೇ ಎಂದು ಪರಿಶೀಲಿಸಬೇಕು.

ಹೊಸ ನಕ್ಷತ್ರಪಟ್ಟಿಯನ್ನು ರಚಿಸುವ ಖಗೋಳವಿಜ್ಞಾನಿ, ಮೋಡ ಕವಿದ ಒಂದು ರಾತ್ರಿ ಕಾಣಲಿಲ್ಲವೆಂದು ಹಳೆಯ ಪಟ್ಟಿಯ ನಕ್ಷತ್ರವನ್ನು ಹೊಡೆದುಹಾಕುವುದಿಲ್ಲ. ಅದರ ಸ್ಥಾನವನ್ನು ಮತ್ತೊಮ್ಮೆ ಅಳೆಯುತ್ತಾನೆ, ಗುರುತನ್ನು ಹೋಲಿಸುತ್ತಾನೆ, ಆಮೇಲೆ ತೀರ್ಮಾನಿಸುತ್ತಾನೆ. ಮನೆಯ ಮೂಲೆಯಲ್ಲಿರುವ ಕಂಪ್ಯೂಟರು ಕೇಬಲಿನಲ್ಲಿ ಚಾನೆಲ್ಲುಗಳನ್ನು ಹುಡುಕುವಾಗಲೂ ಸಲ್ಲುವ ನೀತಿ ಇದೇ.