ಓದಿ ಮುಗಿದ ಸಂದೇಶ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮದು ಆನ್‌ಲೈನ್‌ನಲ್ಲಿ ಸೀರೆ ಮಾರುವ ಚಿಕ್ಕ ಸಂಸ್ಥೆ. ಆರ್ಡರ್ ಬಂದ ಕೂಡಲೇ ಬಿಲ್ಲು, ಎಸ್ಸೆಮ್ಮೆಸ್ಸು, ಗೋದಾಮಿಗೆ ಸೂಚನೆ ಹೋಗಲು ರ್‍ಯಾಬಿಟ್‌ಎಂಕ್ಯೂ ಇಟ್ಟುಕೊಂಡಿದ್ದೇವೆ. ಹೊಸದಾಗಿ ಸೇರಿದ ಹುಡುಗರು ಕಾಫ್ಕಾ ಹಾಕಿಸೋಣ ಅನ್ನುತ್ತಿದ್ದಾರೆ. ಬದಲಾಯಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಎರಡೂ ಸಂದೇಶ ಸಾಗಿಸುತ್ತವೆ ನಿಜ, ಆದರೆ ತಲುಪಿದ ಮೇಲೆ ಆ ಸಂದೇಶ ಏನಾಗುತ್ತದೆ ಅನ್ನುವಲ್ಲಿ ಇವೆರಡರ ದಾರಿ ಬೇರೆ.

ದರ್ಶಿನಿಯಲ್ಲಿ ದುಡ್ಡು ಕೊಟ್ಟರೆ ಒಂದು ಚೀಟಿ ಸಿಗುತ್ತದಲ್ಲ, ರ್‍ಯಾಬಿಟ್‌ಎಂಕ್ಯೂ ಅದರ ಹಾಗೆ. ದೋಸೆ ಕೊಟ್ಟವರು ಚೀಟಿ ಹರಿದು ಹಾಕುತ್ತಾರೆ. ಇಲ್ಲಿಯೂ ಎಸ್ಸೆಮ್ಮೆಸ್ ಕಳಿಸುವ ಪ್ರೋಗ್ರಾಂ ಕೆಲಸ ಮುಗಿಸಿ ‘ಆಯಿತು’ ಎಂದು ತಿಳಿಸಿದ ಮೇಲೆ ಸಂದೇಶ ಅಳಿಯುತ್ತದೆ. ಅದಕ್ಕೂ ಮೊದಲೇ ಆ ಪ್ರೋಗ್ರಾಂ ಕೈಕೊಟ್ಟರೆ ಅದೇ ಸಂದೇಶ ಇನ್ನೊಂದರ ಪಾಲಿಗೆ ಹೋಗುತ್ತದೆ. 2007ರಲ್ಲಿ ಬಂದ ಇದನ್ನು ಬರೆದಿರುವುದು ಎರ್ಲಾಂಗ್‌ನಲ್ಲಿ. ಎರಿಕ್ಸನ್ ಕಂಪನಿ ಟೆಲಿಫೋನ್ ವ್ಯವಸ್ಥೆಗಳಿಗಾಗಿ ರೂಪಿಸಿದ ಭಾಷೆ ಅದು. ಒಂದು ಕರೆ ಕೆಟ್ಟರೆ ಉಳಿದವು ಕೆಡಬಾರದು ಅನ್ನುವ ಎಚ್ಚರ ಅದರ ಹುಟ್ಟುಗುಣ.

ಕಾಫ್ಕಾ ಅಂಗಡಿಯ ಕಿರ್ದಿ ಪುಸ್ತಕ. ಬಂದದ್ದನ್ನೆಲ್ಲ ಒಂದರ ಕೆಳಗೊಂದು ಬರೆದಿಡುತ್ತದೆ, ಯಾರು ಓದಿದರೂ ಸಾಲು ಅಳಿಯುವುದಿಲ್ಲ. ಎಲ್ಲಿಯವರೆಗೆ ಓದಾಯಿತು ಅನ್ನುವ ಗುರುತು ಒಬ್ಬೊಬ್ಬ ಓದುಗನಿಗೂ ಬೇರೆ, ಅದಕ್ಕೆ ಆಫ್‌ಸೆಟ್ ಅನ್ನುತ್ತಾರೆ. ನೀವೇನೂ ಬದಲಿಸದಿದ್ದರೆ ಬರೆದದ್ದು 7 ದಿನ ಉಳಿಯುತ್ತದೆ. ಲಿಂಕ್ಡ್‌ಇನ್‌ನಲ್ಲಿದ್ದ ಜೇ ಕ್ರೆಪ್ಸ್, ಜುನ್ ರಾವ್ ಮತ್ತು ಪುಣೆಯಲ್ಲಿ ಓದಿದ ನೇಹಾ ನಾರಖೇಡೆ ಕಟ್ಟಿದ ಇದು 2011ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಬರೆಯುವುದಕ್ಕೆಂದೇ ಹದಗೊಳಿಸಿದ ವ್ಯವಸ್ಥೆಗೆ ಬರಹಗಾರನ ಹೆಸರೇ ಇರಲಿ ಎಂದು ಕ್ರೆಪ್ಸ್ ಫ್ರಾಂಜ್ ಕಾಫ್ಕಾನ ಹೆಸರಿಟ್ಟರು.

ಕಿರ್ದಿಯ ಬೆಲೆ ನನಗೆ ತಿಳಿದದ್ದು ಹಿಂದೆ ಕೆಲಸ ಮಾಡಿದ ಒಂದು ಕಡೆ. ತೆರಿಗೆ ಲೆಕ್ಕದಲ್ಲಿ ತಪ್ಪು ನುಸುಳಿ ಎರಡು ದಿನದ ಬಿಲ್ಲುಗಳು ಕೆಟ್ಟಿದ್ದವು. ಚೀಟಿಗಳೆಲ್ಲ ಅಷ್ಟರಲ್ಲಿ ಹರಿದು ಹೋಗಿದ್ದವು. ರಾತ್ರಿಯೆಲ್ಲ ಡೇಟಾಬೇಸ್ ಕೆದಕುತ್ತ ಕೂತೆವು. ಕಾಫ್ಕಾ ಇದ್ದಿದ್ದರೆ ಬಿಲ್ಲಿನ ಪ್ರೋಗ್ರಾಮಿನ ಗುರುತನ್ನಷ್ಟೇ ಎರಡು ದಿನ ಹಿಂದಕ್ಕೆ ಸರಿಸಿ ಮತ್ತೆ ಓದಿಸಬಹುದಿತ್ತು, ಎಸ್ಸೆಮ್ಮೆಸ್ಸಿನ ಗುರುತು ತಾನಿದ್ದಲ್ಲೇ ಇರುತ್ತಿತ್ತು.

ಹಾಗಿದ್ದರೂ ಬೇಡ ಅನ್ನುವುದೇಕೆಂದರೆ, ಕಾಫ್ಕಾದಲ್ಲಿ ಕಿರ್ದಿಯನ್ನು ಪಾರ್ಟಿಷನ್‌ಗಳಾಗಿ ಹಂಚಬೇಕು. ಬರೆದ ಕ್ರಮ ಉಳಿಯುವುದು ಒಂದು ಪಾರ್ಟಿಷನ್ನಿನ ಒಳಗೆ ಮಾತ್ರ. ಎಷ್ಟು ಪಾರ್ಟಿಷನ್, ಯಾವ ಆರ್ಡರ್ ಯಾವುದಕ್ಕೆ, ಡಿಸ್ಕ್ ತುಂಬಿದರೆ ಏನು ಎಂದು ನೋಡಿಕೊಳ್ಳಲು ಬಲ್ಲವರೊಬ್ಬರು ಬೇಕು. ಚಿಕ್ಕ ತಂಡದಲ್ಲಿ ಅವರ ದಿನವೇ ಅದಕ್ಕೆ ಹೋಗಿಬಿಡುತ್ತದೆ. ಹತ್ತಾರು ವಿಭಾಗಗಳು ಒಂದೇ ಆರ್ಡರನ್ನು ತಮ್ಮ ತಮ್ಮ ವೇಗದಲ್ಲಿ ಓದುವ ಕಾಲ ಬರಲಿ, ಆಗ ನೋಡೋಣ.

ಈಗ ಮಾಡಬೇಕಾದ ಕೆಲಸ ಬೇರೆ ಇದೆ. ಎಸ್ಸೆಮ್ಮೆಸ್ ಹೋದ ಮೇಲೆ, ‘ಆಯಿತು’ ಅನ್ನುವ ಮೊದಲು ಪ್ರೋಗ್ರಾಂ ನಿಂತರೆ ಸಂದೇಶ ಎರಡನೇ ಸಲ ಬರುತ್ತದೆ, ಕಾಫ್ಕಾದಲ್ಲೂ ಹಾಗೆಯೇ. ಪರೀಕ್ಷಾ ಸರ್ವರಿನಲ್ಲಿ ಬೇಕೆಂದೇ ಹಾಗೆ ನಿಲ್ಲಿಸಿ ನೋಡಿ. ಒಂದೇ ಆರ್ಡರಿಗೆ ಎರಡು ಎಸ್ಸೆಮ್ಮೆಸ್ ಹೋದರೆ, ಆರ್ಡರ್ ನಂಬರ್ ನೋಡಿ ‘ಇದು ಆಗಲೇ ಹೋಗಿದೆ’ ಎಂದು ಬಿಟ್ಟುಬಿಡುವ ನಾಲ್ಕು ಸಾಲು ಕೋಡನ್ನು ಮೊದಲು ಬರೆಸಿ.