ಸರೋವರಕ್ಕೊಂದು ತೂಕ, ಕಡಲಿಗೊಂದು ತೂಕ

ತರಗತಿ: 9 ವಿಷಯ: ವಿಜ್ಞಾನ ಪಾಠಾಂಶ: ಪ್ಲವನತೆ

ಉದ್ದೇಶ: ದ್ರವದ ಸಾಂದ್ರತೆ ಹೆಚ್ಚಿದಂತೆ ಮೇಲ್ಮುಖ ಬಲವೂ ಹೆಚ್ಚುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕದಿಂದ ತೋರಿಸುವರು.

ಪೀಠಿಕೆ: ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ನೀರಿನಡಿ ನಿಲ್ಲಲು ಡೈವರ್‌ಗಳು ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಳ್ಳುತ್ತಾರೆ. ಸಿಹಿನೀರಿನ ಸರೋವರದಲ್ಲೂ ಅಷ್ಟೇ ಸೀಸ ಬೇಕೆ? ‘ಕಡಲಲ್ಲಿ ನೀರು ಜಾಸ್ತಿ, ಅದಕ್ಕೇ ಜಾಸ್ತಿ ಎತ್ತುತ್ತದೆ’ ಎಂಬ ಉತ್ತರ ಬಂದರೆ ತಕ್ಷಣ ತಿದ್ದಬಾರದು, ಪ್ರಯೋಗವೇ ತಿದ್ದಲಿ.

ಪ್ರಯೋಗ: ಎರಡು ಬೀಕರ್‌ಗಳಲ್ಲಿ ಸಮನಾಗಿ ನೀರು ತುಂಬಿ, ಒಂದರಲ್ಲಿ ಉಪ್ಪು ಕರಗಿಸಿ. ತಾಜಾ ಮೊಟ್ಟೆ ಸಿಹಿನೀರಿನಲ್ಲಿ ಮುಳುಗುತ್ತದೆ, ಗಟ್ಟಿ ಉಪ್ಪುನೀರಿನಲ್ಲಿ ತೇಲುತ್ತದೆ. ಮೊಟ್ಟೆ ತೇಲಲು ಕಡಲನೀರಿಗಿಂತ ಹೆಚ್ಚು ಉಪ್ಪು ಬೇಕೆಂಬುದನ್ನೂ ತಿಳಿಸಿ.

ಲೆಕ್ಕ: ಒಂದು ಲೀಟರ್ ಸಿಹಿನೀರು 1 ಕಿ.ಗ್ರಾಂ, ಕಡಲನೀರು ಸುಮಾರು 1.025 ಕಿ.ಗ್ರಾಂ. ಸಲಕರಣೆ ಸೇರಿ 100 ಲೀಟರ್ ಗಾತ್ರದ ಡೈವರ್ ಪೂರ್ತಿ ಮುಳುಗಿದಾಗ ಪಲ್ಲಟಗೊಳ್ಳುವ ನೀರು ಸರೋವರದಲ್ಲಿ 100 ಕಿ.ಗ್ರಾಂ, ಕಡಲಲ್ಲಿ 102.5 ಕಿ.ಗ್ರಾಂ. ಆದ್ದರಿಂದ ಕಡಲಲ್ಲಿ ಸುಮಾರು 2.5 ಕಿ.ಗ್ರಾಂ ಹೆಚ್ಚು ತೂಕ ಬೇಕು. ಕಡಲಿನ ತೂಕದಲ್ಲೇ ಸರೋವರಕ್ಕಿಳಿದರೆ ಬೇಗನೆ ತಳಕ್ಕೆ ಜಗ್ಗುತ್ತದೆ. ಸರೋವರದ ತೂಕದಲ್ಲಿ ಕಡಲಿಗಿಳಿದರೆ ಬೇಡವೆಂದರೂ ಮೇಲಕ್ಕೆ ಎತ್ತುತ್ತದೆ. ಎರಡೂ ಜೀವಕ್ಕೆ ಅಪಾಯ.

ಮೌಲ್ಯಮಾಪನ: ಗಾತ್ರ 80 ಲೀಟರ್ ಆದರೆ ವ್ಯತ್ಯಾಸವೆಷ್ಟು? ಸರೋವರ ಎಷ್ಟೇ ದೊಡ್ಡದಾದರೂ ಈ ಉತ್ತರ ಬದಲಾಗದು, ಏಕೆ?

ಎರಡನೆಯ ಪ್ರಶ್ನೆಗೆ ಕಾರಣ ಹೇಳಬಲ್ಲ ವಿದ್ಯಾರ್ಥಿಗೆ ಪಾಠ ಮುಟ್ಟಿದೆ.